ಹದಿನೇಳನೇ ಸೀಸೆಯ ಚೀಟಿ

ಆ ಶನಿವಾರ ಬೆಳಗ್ಗೆ ಮೇಷ್ಟ್ರ ಹೆಂಡತಿಯ ಫೋನ್ ಬಂದಾಗ ನಾನು ಬಸ್ಸಿನಲ್ಲಿ ಯಾರದೋ ಚೀಲದ ಮೇಲೆ ಅರ್ಧ ಕಾಲಿಟ್ಟು ನೇತಾಡುತ್ತಿದ್ದೆ.

"ಬ್ಯಾಗ್ ಕಟ್ಟಿ ಬಾಗಿಲ ಹತ್ರ ಇಟ್ಟಿದ್ದಾರೆ ಕಣೇ. ನಾಳೆ ಬೆಳಗಿನ ರೈಲಂತೆ. ಮೂರು ಮೆಟ್ಟಿಲು ಹತ್ತಿದ್ರೆ ಒಂದು ನಿಮಿಷ ಕೂತ್ಕೋಬೇಕು ಅಂತ ಡಾಕ್ಟ್ರು ಹೇಳಿದ್ದಾರೆ, ಇವರು ಬೆಟ್ಟ ಹತ್ತೋಕೆ ಹೊರಟಿದ್ದಾರೆ! ನಾನು ಹೇಳೋದು ಗೋಡೆಗೆ ಹೇಳಿದ ಹಾಗೆ. ನೀನಾದ್ರೂ ಹೇಳು, ನಿನ್ನ ಮಾತು ಕೇಳ್ತಾರೆ."

"ಹೇಳ್ತೀನಿ ಅಕ್ಕಾ," ಅಂದೆ.

ಏನು ಹೇಳೋದು, ಮಣ್ಣು! ಹೇಳಬೇಕಾದದ್ದು ಒಂದೇ ಒಂದು ಮಾತಿತ್ತು. ಅದನ್ನು ಹತ್ತೊಂಬತ್ತು ವರ್ಷದಿಂದ ಬಿಸಿತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡಿದ್ದೆ, ನುಂಗೋಕೂ ಆಗದೆ, ಉಗುಳೋಕೂ ಆಗದೆ.

ನನ್ನ ಕೆಲಸ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ, ಜೇಡದ ಕೋಣೆಯಲ್ಲಿ. ಹನ್ನೊಂದು ಸಾವಿರ ಸೀಸೆ, ಎಲ್ಲದರಲ್ಲೂ ಸ್ಪಿರಿಟ್, ಸ್ಪಿರಿಟ್ಟಿನಲ್ಲಿ ಜೇಡ. ಮುಕ್ಕಾಲು ಪಾಲು ಜಿಗಿಜೇಡಗಳು, ಯಾಕೆಂದರೆ ಈ ಕೋಣೆಯ ಮುಖ್ಯಸ್ಥರಾಗಿದ್ದ ನಮ್ಮ ಮೇಷ್ಟ್ರಿಗೆ ಅವೆಂದರೆ ಪ್ರಾಣ. ಕಡಲೆಕಾಳಿನಷ್ಟೂ ಇಲ್ಲದ ಪ್ರಾಣಿ. ಬೇಟೆಗೆ ಬಲೆ ಕಟ್ಟುವುದಿಲ್ಲ, ಬೆಕ್ಕಿನ ಹಾಗೆ ಹೊಂಚು ಹಾಕಿ ಹಾರಿ ಹಿಡಿಯುತ್ತದೆ. ಎಂಟು ಕಣ್ಣು. ಅದರಲ್ಲಿ ಮುಂದಿನ ಎರಡು ಎಷ್ಟು ದೊಡ್ಡವೆಂದರೆ, ನೀವು ಅದನ್ನು ನೋಡಿದರೆ ಅದೂ ತಿರುಗಿ ನಿಮ್ಮನ್ನು ನೋಡುತ್ತದೆ. ಈ ಬುದ್ಧಿ ಬೇರೆ ಜೇಡಗಳಿಗಿಲ್ಲ.

ಪ್ರತಿ ಸೀಸೆಯೊಳಗೂ ಜೇಡದ ಜೊತೆ ಒಂದು ಚೀಟಿ ಇರುತ್ತದೆ. ಎಲ್ಲಿ ಸಿಕ್ಕಿತು, ಯಾವತ್ತು, ಹಿಡಿದವರು ಯಾರು. ಉಗುರಿನಷ್ಟು ಕಾಗದ, ಇರುವೆಕಾಲಿನಂಥ ಅಕ್ಷರ, ನೆನೆದರೂ ಅಳಿಸದ ಶಾಯಿ. ಅದನ್ನು ಬರೆಯುವವಳು ನಾನು, ಹಾಗಾಗಿ ಇಡೀ ಕಟ್ಟಡಕ್ಕೆ ನಾನು ಚೀಟಿಯಮ್ಮ. ಚೀಟಿ ಇಲ್ಲದ ಜೇಡ ಬರೀ ಹೆಣ ಅಂತ ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಇನ್ನೊಂದೂ ಹೇಳಿದ್ದರು: ಒಳಗೆ ಹೋದ ಚೀಟಿ ಹೊರಗೆ ಬರಬಾರದು. ತಪ್ಪಿದ್ದರೂ ಸರಿಯೇ. ಸರಿಯಾದದ್ದನ್ನು ಇನ್ನೊಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ತುರುಕಬೇಕು. ಮುಂದೆ ಬರುವವರು ಎರಡನ್ನೂ ಓದಿಕೊಳ್ಳಲಿ ಅಂತ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಇನ್ನೂ ಖಾಯಂ ಆಗಿರಲಿಲ್ಲ. ಮೇಷ್ಟ್ರು ಬೆಟ್ಟದಿಂದ ನಲವತ್ತು ಸೀಸೆಯಲ್ಲಿ ಜೀವಂತ ಜೇಡ ಹಿಡಿದು ತಂದರು, ಸ್ಪಿರಿಟ್ಟಿಗೆ ಹಾಕು ಅಂತ ನನಗೆ ಕೊಟ್ಟು ಊಟಕ್ಕೆ ಹೋದರು. ಹದಿನೇಳನೇ ಸೀಸೆಯ ಮುಚ್ಚಳ ತೆಗೆದೆ ನೋಡಿ, ಟಣ್ಣನೆ ಹಾರಿಬಿಡ್ತು! ಮೇಜಿನ ಕೆಳಗೆ, ಕಪಾಟಿನ ಹಿಂದೆ, ಎಲ್ಲಾ ಕಡೆ ಮೈಯೆಲ್ಲ ಕಣ್ಣಾಗಿ ಹುಡುಕಿದೆ. ಗಂಟೆ ಕಳೆದ ಮೇಲೆ ಕಿಟಕಿಯ ಗಾಜಿನ ಮೇಲೆ ಕೂತಿತ್ತು. ಸದ್ಯ, ಬದುಕಿದೆ ಅಂದುಕೊಂಡು ಹಿಡಿದು ಸೀಸೆಗೆ ಹಾಕಿ, 'ಬೆಟ್ಟದ ನೆತ್ತಿ, ಮರದ ತೊಗಟೆಯ ಕೆಳಗೆ' ಎಂಬ ಚೀಟಿ ಇಳಿಸಿದೆ. ದೇವರಾಣೆಗೂ ಅದೇ ಇದು ಅಂತ ನಂಬಿದ್ದೆ.

ಎರಡು ದಿನದ ಮೇಲೆ ಮೇಷ್ಟ್ರು ಮೈಕ್ರೋಸ್ಕೋಪಿನಿಂದ ಮುಖವೆತ್ತಿ ಕೂಗಿದ ಕೂಗಿಗೆ ಮೇಲಿನ ಚಿಟ್ಟೆ ವಿಭಾಗದವರೂ ಓಡಿ ಬಂದರು. ಹೊಸ ಜೇಡ! ಅದೂ ಎಂಥದು? ಅದರ ನೆಂಟರಿಷ್ಟರೆಲ್ಲ ಕಡಲಾಚೆಯ ದ್ವೀಪಗಳಲ್ಲಿ ಮಾತ್ರ ಇರುವಂಥ ಗುಂಪಿನದು. ಹಾಗಾದರೆ ಈ ಗುಂಪು ಒಂದು ಕಾಲಕ್ಕೆ ಇಲ್ಲೂ ಹರಡಿತ್ತು, ಎಲ್ಲ ಕಡೆ ಅಳಿದು ಆ ಬೆಟ್ಟದ ನೆತ್ತಿಯಲ್ಲಿ ಮಾತ್ರ ಉಳಿದಿದೆ ಅಂತ ಮೇಷ್ಟ್ರು ಲೆಕ್ಕ ಹಾಕಿದರು. 'ಬೆಟ್ಟದವಳು' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು. ಜಿಗಿಜೇಡಗಳ ಹರವಿನ ನಕಾಶೆಯಲ್ಲಿ, ಉಳಿದ ಚುಕ್ಕಿಗಳಿಂದ ಸಾವಿರಾರು ಮೈಲಿ ದೂರ, ಒಂಟಿಯಾಗಿ ಒಂದು ಕೆಂಪು ಚುಕ್ಕಿ ಕೂತಿತು.

ಎಂಟನೇ ದಿನ ಕಸ ಗುಡಿಸುವಾಗ ಡ್ರಾಯರಿನ ಹಿಂದೆ ಒಣಗಿದ ಜೇಡವೊಂದು ಸಿಕ್ಕಿತು. ಬೆಟ್ಟದ ಕೆಂಪು ಮಣ್ಣು ಇನ್ನೂ ಕಾಲಿಗೆ ಮೆತ್ತಿತ್ತು. ಯಾವ ತೋಟದಲ್ಲಾದರೂ ಸಿಗುವ ಸಾಮಾನ್ಯ ಜಾತಿ. ನನ್ನ ಕೈಯಿಂದ ಹಾರಿದ್ದು ಇದು; ಹಾಗಾದರೆ ಸೀಸೆಯಲ್ಲಿರುವುದು ಎಲ್ಲಿಯದು? ಅವತ್ತು ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತು ಕಾದೆ. ನಮ್ಮ ಕೋಣೆಗಿರುವುದು ಅದೊಂದೇ ಕಿಟಕಿ, ಬೀದಿಯಲ್ಲಿ ಹೋಗುವವರ ಪಾದಗಳ ಮಟ್ಟಕ್ಕೆ. ಎರಡು ಪದರ ಗಾಜು, ನಡುವೆ ಒಂದು ಗೇಣು ಜಾಗ. ಮೂರು ಗಂಟೆಗೆ ಬಿಸಿಲು ಗಾಜಿಗೆ ಬಿದ್ದದ್ದೇ ತಡ, ಆ ಗೇಣು ಜಾಗದ ಸಂದಿಯಿಂದ ಹೊರಗೆ ಬಂದಳು ಒಬ್ಬಳು ಬೆಟ್ಟದವಳು. ಹಿಂದೆಯೇ ಇನ್ನೊಬ್ಬಳು. ಕಿಟಕಿಯ ಕೆಳಗೆ, ಕಡಲಾಚೆಯ ದ್ವೀಪದ ಮ್ಯೂಸಿಯಮ್ಮಿನಿಂದ ಬಂದ ಮರದ ಪೆಟ್ಟಿಗೆಗಳು ಒಣಹುಲ್ಲಿನ ಸಮೇತ ಹಾಗೇ ಬಿದ್ದಿದ್ದವು. ಆ ಹುಲ್ಲಿನಲ್ಲೇ ಇವು ಕಡಲು ದಾಟಿ ಬಂದಿದ್ದವು.

ಆಗಲೇ ಹೇಳಬೇಕಿತ್ತು. ಗೊತ್ತು ಮಾರಾಯರೇ, ಗೊತ್ತು! ಆದರೆ ಹೊಸ ಜೇಡದ ಲೇಖನ ಅಚ್ಚಿಗೆ ಹೊರಟುಹೋಗಿತ್ತು, ನನ್ನ ಕೆಲಸ ಗಾಳಿಯಲ್ಲಿ ತೂಗಾಡುತ್ತಿತ್ತು. ಖಾಯಂ ಆಗಲಿ, ಹೇಳ್ತೀನಿ ಅಂದುಕೊಂಡೆ. ಖಾಯಂ ಆಯಿತು. ಅಷ್ಟರಲ್ಲಿ ಮೇಷ್ಟ್ರು ಎರಡನೇ ಸಲ ಬೆಟ್ಟಕ್ಕೆ ಹೋಗಿ ಬರಿಗೈಯಲ್ಲಿ ಬಂದಿದ್ದರು. ಹೇಳುವುದು ದಿನೇ ದಿನೇ ದುಬಾರಿಯಾಯಿತು. ಕಿಟಕಿಗೆ ದಪ್ಪ ಪರದೆ ಹೊಲಿದು ಹಾಕಿದೆ. ಬಿಸಿಲು ಬಿದ್ದರೆ ಸೀಸೆಯೊಳಗಿನ ಜೇಡಗಳ ಬಣ್ಣ ಹೋಗುತ್ತೆ ಅಂದೆ, ಎಲ್ಲರೂ ಎಂಥಾ ಜವಾಬ್ದಾರಿ ಎಂದು ಹೊಗಳಿದರು. ಒಂದು ಸಲ ಆ ಸಂತತಿಯನ್ನೇ ಒರೆಸಿಬಿಡೋಣ ಅಂತ ಬಟ್ಟೆ ಸ್ಪಿರಿಟ್ಟಿನಲ್ಲಿ ಅದ್ದಿಕೊಂಡು ಹೋದೆ. ಮುಂಡೇದು, ತಿರುಗಿ ನೋಡ್ತು. ಕೈ ಬರಲಿಲ್ಲ.

ಮೇಲಿನ ಚಿಟ್ಟೆ ವಿಭಾಗಕ್ಕೆ ಎರಡು ಸಲ ಕರೆದರು. ಗಾಳಿ, ಬೆಳಕು, ಮಾತಾಡೋಕೆ ನಾಲ್ಕು ಜನ. "ಚಿಟ್ಟೆ ಪುಡಿ ನನಗೆ ಆಗಲ್ಲ, ಸೀನು ಬರುತ್ತೆ," ಅಂದೆ. ನಾನು ಮೇಲೆ ಹೋದರೆ ಕೆಳಗೆ ಬರುವವಳು ಮೊದಲು ಮಾಡುವ ಕೆಲಸ ಆ ಕೊಳೆ ಪರದೆ ಕಿತ್ತೆಸೆಯುವುದು. ಹೀಗೆ, ಗಾಜಿನ ನಡುವೆ ಅವು, ಗಾಜಿನ ಈಚೆ ನಾನು. ಹತ್ತೊಂಬತ್ತು ವರ್ಷ.

ಮೇಷ್ಟ್ರು ಒಟ್ಟು ಆರು ಸಲ ಹತ್ತಿದರು. ಮೂರನೇ ಸಲ ಮೊಣಕಾಲು ಹೋಯಿತು. ನಾಲ್ಕನೇ ಸಲ ಅವರು ಬೆಟ್ಟದಲ್ಲಿದ್ದಾಗ ಇಲ್ಲಿ ಅವರ ಹೆಂಡತಿಗೆ ದಿಢೀರನೆ ಆಪರೇಷನ್ ಆಯಿತು. ಮಕ್ಕಳಿಲ್ಲ. ಬೆಟ್ಟಕ್ಕೆ ಫೋನ್ ಹೋಗುವುದಿಲ್ಲ. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತವಳು ನಾನು. ಚಮಚದಲ್ಲಿ ಹಾಲು ಕುಡಿಸಿದೆ, ತಲೆ ಬಾಚಿದೆ. "ಅಮ್ಮಾವ್ರೇ ಅನ್ಬೇಡ, ಅಕ್ಕ ಅನ್ನು," ಎಂದರು. ಬಾಗಿಲ ಕಡೆ ನೋಡುತ್ತಾ, "ಆ ಹಾಳು ಜೇಡ ಒಂದು ಸಿಕ್ಕಿಬಿಟ್ರೆ ಸಾಕು ಕಣೇ, ಆಮೇಲೆ ಮನೇಲೇ ಇರ್ತಾರೆ," ಎಂದರು. ನಾನು ಇನ್ನೊಂದು ಚಮಚ ಹಾಲು ಕುಡಿಸಿದೆ.

ಈಗ ಮೇಷ್ಟ್ರಿಗೆ ಎಪ್ಪತ್ತೊಂದು. ನಿವೃತ್ತರಾದರೂ ದಿನಾ ಬರುತ್ತಾರೆ. ಜೀವಮಾನದ ಪುಸ್ತಕ, ಜಿಗಿಜೇಡಗಳ ವರ್ಗೀಕರಣ ಮತ್ತು ಹರವು, ಅಚ್ಚಿಗೆ ಹೋಗುವುದರಲ್ಲಿತ್ತು. ಆಗ ಅದನ್ನು ಓದಿದ ಯಾವನೋ ಪಂಡಿತ ಒಂದು ಸಾಲು ಗೀಚಿ ಕಳಿಸಿದ್ದ: 'ಬೆಟ್ಟದ ಜೇಡ ಒಂದೇ ಒಂದು, ಅದೂ ಹೆಣ್ಣು; ಮತ್ತೆ ಸಿಕ್ಕಿಲ್ಲ; ನಂಬುವುದು ಕಷ್ಟ.' ಈ ಜೇಡಗಳ ಕುಲ ಹೇಳಬೇಕಾದರೆ ಬಣ್ಣ ನೋಡಿದರೆ ಸಾಲದು. ಹೆಣ್ಣಿನ ಹೊಟ್ಟೆಯಡಿಯ ಗುರುತು ಅರ್ಧ ಸಾಕ್ಷಿ, ಗಂಡಿನ ಬಾಯಿಯ ಪಕ್ಕದ ಪುಟ್ಟ ಕೈ ಉಳಿದರ್ಧ. ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ. ಗಂಡು ತಂದು ಅವನ ಮೂಗಿನ ಮುಂದೆ ಹಿಡೀತೀನಿ ಅಂತ ಟಿಕೆಟ್ ಮಾಡಿಸಿಯೇಬಿಟ್ಟರು.

ಶನಿವಾರ ಅರ್ಧ ದಿನ. ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಮೇಷ್ಟ್ರು ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಬಂದರು. ಕಂಕುಳಲ್ಲಿ ನಕಾಶೆಯ ಹಾಳೆ.

"ಚೀಟಿಯಮ್ಮಾ, ನಮ್ಮ ಬೆಟ್ಟದವಳನ್ನ ಒಂದ್ಸಲ ತೋರ್ಸು. ಕಣ್ಣಲ್ಲಿ ತುಂಬ್ಕೊಂಡು ಹೋಗ್ತೀನಿ."

ಕೆಂಪು ದಾರ ಕಟ್ಟಿದ ಹದಿನೇಳನೇ ಸೀಸೆ ತಂದಿಟ್ಟೆ. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಅಷ್ಟರಲ್ಲಿ ಮೇಲಿನಿಂದ, "ಯಾರಾದ್ರೂ ಇದ್ದೀರಾ?" ಅಂತ ಕೂಗು. ಅದು ನಮ್ಮ ಅಟೆಂಡರ್. ಹೊತ್ತಿಗೆ ಸರಿಯಾಗಿ ಬೀಗ ಹಾಕುವುದರಲ್ಲಿ ಅವನು ಎಂಥಾ ಶೂರನೆಂದರೆ ಅವನನ್ನು ಎಲ್ಲರೂ ಗಂಟೆ ಅಂತಲೇ ಕರೆಯುತ್ತಾರೆ. ಪ್ರಶ್ನೆ ಕೇಳುತ್ತಾನೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ. "ಇದ್ದೀವಿ ಕಣೋ!" ಅಂತ ಕಿರುಚಿ ಓಡುವಷ್ಟರಲ್ಲಿ ಕಬ್ಬಿಣದ ಬಾಗಿಲು ದಡ್ಡನೆ ಬಡಿಯಿತು. ಒಳಗಿನ ಹಿಡಿ ಮುರಿದು ವರ್ಷವಾಗಿತ್ತು. ಸರಿ ಮಾಡಿಸಿ ಅಂತ ಮೂರು ಅರ್ಜಿ ಕೊಟ್ಟಿದ್ದೆ, ಅವು ಯಾವ ಕಸದ ಬುಟ್ಟಿ ಸೇರಿದವೋ. ಬಾಗಿಲು ಬಡಿದೆ, ಒದ್ದೆ, ಗಂಟೆಯ ವಂಶವನ್ನೆಲ್ಲ ಬೈದೆ. ನೆಲಮಾಳಿಗೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಇನ್ನು ನಾಲ್ಕು ಗಂಟೆಗೆ ವಾಚ್‌ಮನ್ ಬರುವವರೆಗೆ ನಾವಿಬ್ಬರೂ ಅಲ್ಲೇ.

ನಾಲ್ಕು ಗಂಟೆ. ಅಂದರೆ ಮೂರು ಗಂಟೆಗೆ, ಬಿಸಿಲು ಗಾಜಿಗೆ ಬೀಳುವ ಹೊತ್ತಿಗೆ, ನಾವು ಒಳಗೇ ಇರುತ್ತೇವೆ. ಅದು ತಲೆಗೆ ಹೊಳೆದದ್ದೇ ಹೋಗಿ ಪರದೆಯ ಅಂಚನ್ನು ಇನ್ನಷ್ಟು ಎಳೆದು ಮುಚ್ಚಿದೆ.

"ಯಾಕಮ್ಮ ಒದ್ದಾಡ್ತೀಯ? ಒಳ್ಳೇದೇ ಆಯ್ತು, ನಿಧಾನವಾಗಿ ನೋಡಬಹುದು," ಎಂದರು ಮೇಷ್ಟ್ರು. ಅವರಿಗೇನು, ಜೇಡ ಎದುರಿಗಿದ್ದರೆ ಜೈಲೂ ಆದೀತು.

ಒಂದು ಗಂಟೆಗೆ ಎಲ್ಲ ಫ್ಯಾನುಗಳ ಮೇನ್ ಸ್ವಿಚ್ ಆರಿಸಿ ಹೋಗಿದ್ದ ಪುಣ್ಯಾತ್ಮ. ಎರಡರ ಹೊತ್ತಿಗೆ ಕೋಣೆ ಬಿಸಿಯಾಗಿ ಸ್ಪಿರಿಟ್ ವಾಸನೆ ಗಂಟಲಿಗೆ ಹತ್ತಿತು. ಮೇಷ್ಟ್ರ ಉಸಿರಾಟದ ಸದ್ದು ನನಗೆ ಕೇಳುತ್ತಿತ್ತು. ಎರಡು ಮುಕ್ಕಾಲಿಗೆ ಅಂಗಿಯ ಗುಂಡಿ ಬಿಚ್ಚಿಕೊಂಡು, "ಆ ಪರದೆ ಸ್ವಲ್ಪ ಸರಿಸಮ್ಮ, ಕಿಟಕಿ ತೆಗೆದ್ರೆ ಗಾಳಿ ಬರುತ್ತೇನೋ," ಎಂದರು.

"ಬೇಡ ಸಾರ್. ಸೀಸೆಗಳಿಗೆ ಬಿಸಿಲು ಬೀಳುತ್ತೆ."

"ಅದೂ ಸರಿಯೇ," ಎಂದು ಒಪ್ಪಿಕೊಂಡುಬಿಟ್ಟರು. ಅಯ್ಯೋ, ನನ್ನ ಮಾತನ್ನು ಅವರು ಯಾವತ್ತೂ ಅನುಮಾನಿಸಿದವರಲ್ಲ. ಅದೇ ನನ್ನನ್ನು ಕೊಂದು ಹಾಕಿದ್ದು. ಎದ್ದು ಜಗಳವಾಡಿದ್ದರೆ ನಾನೂ ಜಗಳವಾಡಿ ಗೆದ್ದುಬಿಡುತ್ತಿದ್ದೆ.

ಅವರು ನಕಾಶೆ ಬಿಡಿಸಿ ಆ ಒಂಟಿ ಚುಕ್ಕಿಯ ಮೇಲೆ ಬೆರಳಿಟ್ಟರು. "ನೋಡು, ಎಲ್ಲಾ ಅಲ್ಲಿ. ಇದೊಂದೇ ಇಲ್ಲಿ. ಜನ ನಕ್ಕಿದ್ದಾರೆ, ನಗಲಿ. ನನ್ನ ಸೀಸೆ, ನನ್ನ ಬೆಟ್ಟ, ನಿನ್ನ ಕೈಬರಹ. ಇದಕ್ಕಿಂತ ಸಾಕ್ಷಿ ಬೇಕಾ? ಒಂದು ಮಾತು ಹೇಳ್ತೀನಿ, ಮನೇಲಿ ಹೇಳ್ಬೇಡ. ಈ ಸಲ ಗಂಡು ಸಿಗೋವರೆಗೂ ನಾನು ಕೆಳಗೆ ಇಳಿಯಲ್ಲ. ಅಲ್ಲೇ ಏನಾದ್ರೂ ಆದ್ರೆ ಆಗ್ಲಿ."

ತಮಾಷೆಗೆ ಹೇಳಿದ್ದಲ್ಲ. ಅವರ ತುಟಿ ನೀಲಿಯಾಗಿತ್ತು.

ಈ ಮನುಷ್ಯ ನನ್ನ ಒಂದು ಚೀಟಿ ನಂಬಿಕೊಂಡು ಸಾಯಲು ಹೊರಟಿದ್ದಾರೆ. ಹಾಗೆ ನೇರವಾಗಿ, ಮಾತಿನಲ್ಲಿ, ಮೊದಲ ಸಲ ಅಂದುಕೊಂಡೆ. ಗೋಡೆ ಗಡಿಯಾರದಲ್ಲಿ ಮೂರಾಗಿ ಐದು ನಿಮಿಷ. ಎದ್ದು ಹೋಗಿ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಕೊಕ್ಕೆ ಸಮೇತ ಕಿತ್ತು ಬಂತು.

ಬಿಸಿಲು ಧಗ್ಗನೆ ಒಳಗೆ ಬಿತ್ತು. ಬೀದಿಯಲ್ಲಿ ಯಾರದೋ ಚಪ್ಪಲಿಕಾಲು ಹಾದುಹೋಯಿತು. ಗಾಜಿನ ನಡುವೆ ಮೊದಲು ಏನೂ ಇರಲಿಲ್ಲ. ಆಮೇಲೆ ಮೂಲೆಯಿಂದ ಒಬ್ಬಳು ಬಂದು ನಿಂತಳು. ಎದುರು ಮೂಲೆಯಿಂದ ಅವನು. ಮುಖಕ್ಕೆ ಬಿಳಿ ಪಟ್ಟಿ. ಮುಂಗಾಲೆರಡನ್ನೂ ಮೇಲೆತ್ತಿ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ. ನಿಂತ. ಮತ್ತೆ ಕುಣಿದ.

ಮೇಷ್ಟ್ರು ಯಾವಾಗ ಎದ್ದು ಬಂದರೋ, ನನ್ನ ಪಕ್ಕದಲ್ಲಿದ್ದರು. ಗಾಜಿಗೆ ಮೂಗು ತಾಗಿಸಿ ಉಸಿರು ಹಿಡಿದಿದ್ದರು.

"ಗಂಡು," ಎಂದರು ಪಿಸುದನಿಯಲ್ಲಿ. "ಅಯ್ಯೋ, ಗಂಡು ಕಣೇ ಅದು! ಎಷ್ಟು ಚೆನ್ನಾಗಿದ್ದಾನೆ ನೋಡೇ!"

ಆ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ, ನನಗಂತೂ ಅದು ಮುಗಿಯದಿದ್ದರೆ ಸಾಕಾಗಿತ್ತು. ಆಮೇಲೆ ಅವರು ನಿಧಾನವಾಗಿ ಕಿಟಕಿ ನೋಡಿದರು, ನನ್ನ ಕೈಯಲ್ಲಿದ್ದ ಪರದೆ ನೋಡಿದರು, ನನ್ನನ್ನು ನೋಡಿದರು.

ಒಂದೇ ಉಸಿರಿಗೆ ಹೇಳಿದೆ. ಹಾರಿದ್ದು, ಹುಡುಕಿದ್ದು, ಡ್ರಾಯರಿನ ಹಿಂದೆ ಸಿಕ್ಕಿದ್ದು, ಪೆಟ್ಟಿಗೆ, ಹುಲ್ಲು, ಪರದೆ. ಅಳು ಬರಲಿಲ್ಲ. ಅಳುವುದಕ್ಕೆ ನನಗೇನು ಹಕ್ಕು?

"ಆರು ಸಲ," ಎಂದರು ಮೇಷ್ಟ್ರು. ಮತ್ತೆ ಕುರ್ಚಿಯಲ್ಲಿ ಕೂತು ಮೊಣಕಾಲು ನೀವಿಕೊಂಡರು. "ಆರು ಸಲ ಹತ್ತಿದೆ."

ಬೈಯಲಿ ಅಂತ ಕಾದೆ. ಬೈಯಲಿಲ್ಲ. "ಸೀಸೆ ತಗೊಂಡು ಆ ಗಂಡನ್ನ ಹಿಡಿ. ಹಾರಿಸಬೇಡ," ಎಂದರು. ಒಳಗಾಜು ತೆರೆದು ಹಿಡಿದೆ. ಈ ಸಲ ಹಾರಿಸಲಿಲ್ಲ.

"ಚೀಟಿ ಬರಿ. ಸ್ಥಳ, ಈ ಕೋಣೆ, ಕಿಟಕಿ, ಎರಡು ಗಾಜಿನ ನಡುವೆ. ಇವತ್ತಿನ ತಾರೀಖು. ಹಿಡಿದವರು..." ಅಲ್ಲಿ ನಿಲ್ಲಿಸಿದರು. "ನಿನ್ನ ಹೆಸರು ಬರಿ."

ಹನ್ನೊಂದು ಸಾವಿರ ಸೀಸೆಯಲ್ಲಿ ನನ್ನ ಹೆಸರು ಒಂದರಲ್ಲೂ ಇರಲಿಲ್ಲ. ಬರೆದೆ. ಆಮೇಲೆ ಕೆಂಪು ದಾರದ ಸೀಸೆಯ ಮುಚ್ಚಳ ತೆಗೆದು, ಚಿಮಟದಿಂದ ಹಳೆಯ ಚೀಟಿಯ ಅಂಚು ಹಿಡಿದೆ.

"ಮುಟ್ಟಬೇಡ!" ಎಂದು ಮೇಜು ಗುದ್ದಿದರು. ಅವತ್ತು ಅವರು ದನಿಯೆತ್ತಿದ್ದು ಅದೊಂದೇ ಸಲ. "ಏನು ಹೇಳಿಕೊಟ್ಟಿದ್ದೆ ನಾನು?"

"ಒಳಗೆ ಹೋದದ್ದು ಹೊರಗೆ ಬರಬಾರದು ಅಂತ."

"ಪಕ್ಕದಲ್ಲಿ ಇನ್ನೊಂದು ಹಾಕು. 'ಮೊದಲ ಚೀಟಿ ತಪ್ಪು. ಇದು ಈ ಕೋಣೆಯ ಕಿಟಕಿಯಲ್ಲಿ ಸಿಕ್ಕಿದ್ದು. ಬರೆದವಳಿಗೆ ಎಂಟನೇ ದಿನವೇ ಗೊತ್ತಿತ್ತು.' ಹಾಗೇ ಬರಿ, ಒಂದಕ್ಷರ ಬಿಡದೆ."

ಬರೆದೆ. ಉಗುರಿನಷ್ಟು ಕಾಗದದಲ್ಲಿ ಅಷ್ಟೂ ಹಿಡಿಯಿತು.

"ಹೆಸರು ಸಾರ್? ಬೆಟ್ಟದವಳು ಅಂತ ಇಟ್ಟಿದ್ದೀರಲ್ಲ."

"ಇಟ್ಟ ಹೆಸರು ಬದಲಾಯಿಸೋ ಹಾಗಿಲ್ಲ. ಬೆಟ್ಟ ನೋಡದೇ ಇದ್ರೂ ಅವಳು ಬೆಟ್ಟದವಳೇ." ನಗಲು ನೋಡಿದರು, ಆಗಲಿಲ್ಲ. ಪೆನ್ಸಿಲ್ ತೆಗೆದು ನಕಾಶೆಯ ಕೆಂಪು ಚುಕ್ಕಿಯ ಮೇಲೆ ಒಂದು ಗೀಟು ಎಳೆದರು, ಹಾಳೆ ಮಡಚಿದರು.

ನಾಲ್ಕಕ್ಕೆ ವಾಚ್‌ಮನ್ ಬಾಗಿಲು ತೆಗೆದ. ಮೇಷ್ಟ್ರು ಮೂರು ಮೆಟ್ಟಿಲು ಹತ್ತಿ ಅಲ್ಲೇ ಕೂತರು. ನಾನು ಕೈ ಚಾಚಿದೆ. ಅವರು ಕಂಬಿ ಹಿಡಿದು ತಾವೇ ಎದ್ದು ಹೋದರು.

ಕೋಣೆಯನ್ನೆಲ್ಲ ಸರಿಮಾಡಿ, ಆರು ಗಂಟೆಗೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಫೋನ್ ಬಂತು. ಮೇಷ್ಟ್ರ ಹೆಂಡತಿ. ನಾನು "ಅಕ್ಕಾ" ಅನ್ನುವ ಮೊದಲೇ ಅವರು ಮಾತು ಶುರು ಮಾಡಿದರು.

"ಬ್ಯಾಗ್ ಬಿಚ್ಚಿ ಬಟ್ಟೆಯೆಲ್ಲ ಕಪಾಟಿಗೆ ಇಟ್ರು. ಟಿಕೆಟ್ ಹರಿದು ಹಾಕಿದ್ರು. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ."

"ಹೋಗಲ್ವಲ್ಲ ಅಕ್ಕಾ. ಅಷ್ಟು ಸಾಕು."

"ಎಲ್ಲಾ ಹೇಳಿದ್ರು." ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು. "ಒಂದು ಕೇಳ್ತೀನಿ. ಆಸ್ಪತ್ರೆಯಲ್ಲಿ ನನಗೆ ಚಮಚದಲ್ಲಿ ಹಾಲು ಕುಡಿಸ್ತಾ ಇದ್ಯಲ್ಲ, ಹನ್ನೊಂದು ದಿನ. ಅವತ್ತೂ ನಿನಗೆ ಗೊತ್ತಿತ್ತಾ?"

ನನ್ನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹತ್ತಿ ಹತ್ತಿ ಅಂತ ಕೂಗಿದ, ಕಾದ, ಬೈದುಕೊಂಡು ಹೊರಟ.

"ಗೊತ್ತಿತ್ತು ಅಕ್ಕಾ."

ಆ ಕಡೆ ಲೋಟಕ್ಕೆ ನೀರು ಬಗ್ಗಿಸಿದ ಸದ್ದು ಕೇಳಿತು.

"ಅವರಿಗೆ ಮಾತ್ರೆ ಕೊಡೋ ಹೊತ್ತಾಯ್ತು," ಎಂದರು. "ಇಡ್ತೀನಿ. ನೀವು ಮನೆಗೆ ಹೋಗಿ."

ಇಷ್ಟು ವರ್ಷದಲ್ಲಿ ಅವರು ನನ್ನನ್ನು 'ನೀವು' ಅಂದದ್ದು ಅದೇ ಮೊದಲು. ಮುಂದಿನ ಬಸ್ಸು ಬರುವವರೆಗೂ ಫೋನ್ ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.